ಮುಖ ಕಟ್ಟಿದವನ ಹೆಸರು

ಅಮ್ಮಾಜಮ್ಮ ತನ್ನ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇಡೀ ಆಯುಸ್ಸಿನಲ್ಲಿ ಒಂದೇ ಸಲ. ಅದೂ ಊರೆಲ್ಲ ಸೇರಿದ್ದ ಬಯಲಿನಲ್ಲಿ, ಗಂಟಲು ಹರಿಯುವ ಹಾಗೆ. ಆ ಒಂದು ಕೂಗಿಗಾಗಿ ಊರಿನವರು ಅವಳನ್ನು ಅರಳಿಕಟ್ಟೆಯ ಮುಂದೆ ನಿಲ್ಲಿಸಿದರು.

ಸಾದಲಿ ಹೋಬಳಿಯ ಆ ಊರಿಗೆ ನಾನು ಸೊಸೆಯಾಗಿ ಬಂದದ್ದು ಇದೆಲ್ಲ ನಡೆದು ಎಷ್ಟೋ ವರ್ಷಗಳಾದ ಮೇಲೆ. ನಂಟಿನಲ್ಲಿ ಅವಳು ನನಗೆ ಅತ್ತೆಯಾಗಬೇಕು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ, ಹುಳುವಿಗೆ ಮೇವು ಹಾಕುವಾಗ, ಒಂದು ದಿನ ಒಂದಿಷ್ಟು, ಇನ್ನೊಂದು ದಿನ ಇನ್ನೊಂದಿಷ್ಟು ಹೇಳಿದಳು. ಕೆಲವನ್ನು ಎರಡು ಸಲ ಹೇಳಿದಳು, ಎರಡು ಸಲವೂ ಒಂದೇ ತೆರನಾಗಿ. ಅದನ್ನು ಜೋಡಿಸಿ ಬರೆದಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಗಳ ಮೊಮ್ಮಕ್ಕಳು ಇನ್ನೂ ಅಲ್ಲೇ ಬಾಳುತ್ತಿದ್ದಾರೆ.

ಆ ಊರಿನಲ್ಲಿ ವರ್ಷಕ್ಕೆ ಒಂದೇ ಆಟ. ವೈಶಾಖದಲ್ಲಿ ನರಸಿಂಹ ಜಯಂತಿಯ ರಾತ್ರಿ ಪ್ರಹ್ಲಾದನ ಕಥೆ ಆಡುತ್ತಿದ್ದರು. ಹಾಡು ತೆಲುಗಿನಲ್ಲಿ, ಮಾತು ಕನ್ನಡದಲ್ಲಿ. ಯಾವ ಪಾತ್ರ ಯಾರದು ಎಂದು ಯಾರೂ ಕೇಳುವಂತಿರಲಿಲ್ಲ. ಹೊಲ ಗದ್ದೆಯ ಹಾಗೆ ಅದೂ ಮನೆತನದ್ದು. ನರಸಿಂಹಸ್ವಾಮಿಯ ಮುಖ ನಲ್ಲಪ್ಪನ ಮನೆಯದು. ಹಿರಣ್ಯಕಶಿಪುವಿನ ಕಿರೀಟ ಚೆನ್ನರಾಯಪ್ಪನ ಮನೆಯದು. ಅಮ್ಮಾಜಮ್ಮ ಚೆನ್ನರಾಯಪ್ಪನ ತಂಗಿ, ನಲ್ಲಪ್ಪನ ಹೆಂಡತಿ. ಮದುವೆಯ ಚಪ್ಪರದಲ್ಲೇ ಹೆಂಗಸರು, "ಹಿರಣ್ಯನ ಮನೆ ಹೆಣ್ಣು ನರಸಿಂಹನ ಮನೆಗೆ ಹೊರಟಳು, ಇನ್ನು ಇಬ್ರೂ ಕುಸ್ತಿ ಬಿಟ್ಟು ಬೀಗತನ ಮಾಡ್ಲಿ" ಎಂದು ನಕ್ಕಿದ್ದರಂತೆ.

ಮುಖವೆಂದರೆ ಮರದಲ್ಲಿ ಕೆತ್ತಿ ಕೆಂಪು ಬಳಿದ ಸಿಂಹದ ಮುಖ. ಕೇಸರಕ್ಕೆ ಕತ್ತಾಳೆಯ ನಾರು. ಮೂರು ತಲೆಮಾರಿನ ಹಳೆಯದು. ವರ್ಷವೆಲ್ಲ ಅದು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಆ ಪೆಟ್ಟಿಗೆಯನ್ನು ದಾಟಬಾರದು, ಅದರ ಮೇಲೆ ಕೂರಬಾರದು, ಹೆಂಗಸರು ಅದನ್ನು ಮುಟ್ಟಬಾರದು. ಮುಖ ಕಟ್ಟುವವನು ಆಟಕ್ಕೆ ಒಂಬತ್ತು ದಿನ ಮೊದಲೇ ಆ ಕೋಣೆ ಸೇರಿ, ಒಂದು ಹೊತ್ತು ಉಂಡು, ಮಾತು ಬಿಟ್ಟು ಇರಬೇಕು. ಆಟದ ದಿನ ಮುಖ ಕಟ್ಟಿದ ಮೇಲೆ ಅವನ ಸೊಂಟಕ್ಕೆ ಎರಡು ಹಗ್ಗ ಬಿಗಿದು ಹಿಂದಿನಿಂದ ಇಬ್ಬರು ಹಿಡಿಯಬೇಕು. ಯಾಕೆಂದರೆ ಆಗ ಅವನು ಮನುಷ್ಯನಲ್ಲ. ಬಿಟ್ಟರೆ ಎದುರಿನವನನ್ನು ನಿಜವಾಗಿ ಸೀಳಿಬಿಡುತ್ತಾನೆ.

ಇನ್ನೊಂದು ಕಟ್ಟಳೆ ಇತ್ತು. ಮುಖ ಕಟ್ಟಿದವನ ಹೆಸರನ್ನು ಯಾರೂ ಕರೆಯಬಾರದು. ಕರೆದರೆ ಸ್ವಾಮಿ ಮುನಿದು ಅರ್ಧಕ್ಕೇ ಇಳಿದುಹೋಗುತ್ತಾನೆ, ಊರಿಗೆ ಕೇಡು. ವಧೆ ಮುಗಿದು, ಪಾನಕ ಕುಡಿಸಿ, ತುಳಸಿ ನೀರು ಚಿಮುಕಿಸಿ, ಮಂಗಳಾರತಿ ಎತ್ತಿ, ಮುಖ ಬಿಚ್ಚಿದ ಮೇಲೆ ಭಾಗವತರು ಅವನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುತ್ತಾರೆ. ಅಲ್ಲಿಗೆ ಅವನು ಮತ್ತೆ ಮನುಷ್ಯ. ನಲ್ಲಪ್ಪನ ತಂದೆಯ ಕಾಲದಲ್ಲಿ ಸ್ವಾಮಿ ನಿಜವಾಗಿಯೂ ಬರುತ್ತಿದ್ದನೆಂದು ನೋಡಿದವರು ಹೇಳುತ್ತಾರೆ. ನಾನು ಅದನ್ನು ನಂಬುತ್ತೇನೆ. ಅಮ್ಮಾಜಮ್ಮನೂ ಕೊನೆಯವರೆಗೆ ನಂಬಿದ್ದಳು.

ಸಾವಿರದ ಒಂಬೈನೂರ ಐವತ್ತೆಂಟರ ಮಾಘದಲ್ಲಿ ಅವರ ಮನೆಯ ಹುಳುವಿಗೆ ಹಾಲುತೊಂಡೆ ರೋಗ ಬಂತು. ನಾಲ್ಕನೆಯ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹೊತ್ತು, ದಾಟಿ ಇನ್ನೇನು ಗೂಡು ಕಟ್ಟಬೇಕಾದ ಹುಳುಗಳು ಊದಿ, ಒಡೆದು, ಹಾಲಿನಂಥ ನೀರು ಸುರಿಸಿ ತಟ್ಟೆ ತಟ್ಟೆಯೇ ಸತ್ತವು. ನಲ್ಲಪ್ಪ ಬಾಗಿಲು ಹಾಕಿಕೊಂಡು ಹೆಂಡತಿಯನ್ನು ಕೇಳಿದ.

"ಮುಟ್ಟಾಗಿ ಹುಳುಮನೆಗೆ ಹೋಗಿದ್ದೆ ಅಲ್ವೇನೇ?"

"ಇಲ್ಲ ಅಂದ್ರೆ. ಸ್ವಾಮಿ ಮೇಲಾಣೆ ಇಲ್ಲ."

"ಸ್ವಾಮಿ ಹೆಸ್ರು ಬೇರೆ ಎತ್ತೀಯಾ?"

ಹುಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರು ಕಿತ್ತು ಹೊಡೆದ. ಅದು ಸೀಳಿದ ಮೇಲೆ ಒಲೆಯ ಸೌದೆ ತೆಗೆದುಕೊಂಡ. ತಲೆಗೆ ಬೀಳುವ ಏಟನ್ನು ಅವಳು ಎಡಗೈಯಲ್ಲಿ ತಡೆದಳು. ಎರಡು ಬೆರಳು ಮುರಿದು ಹಿಂದಕ್ಕೆ ಮಡಚಿಕೊಂಡವು. ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳಿಸಿತು. ಯಾರೂ ಬರಲಿಲ್ಲ. ಅದೇನೂ ಮೊದಲ ಸಲವಲ್ಲ. ಆದರೆ ಬೆರಳು ಮುರಿದದ್ದು ಮೊದಲ ಸಲ. ಮುರಿದ ಬೆರಳನ್ನು ಸೆರಗಿನಲ್ಲಿ ಮುಚ್ಚಲು ಬರುವುದಿಲ್ಲ.

ಮಾರನೆಯ ದಿನ ಚೆನ್ನರಾಯಪ್ಪ ಬಂದ. ನಲ್ಲಪ್ಪ ಕಣದಲ್ಲಿದ್ದ. ಇನ್ನೂ ಹತ್ತು ಹದಿನೈದು ಜನ ಹುರುಳಿ ಬಡಿಯುತ್ತಿದ್ದರು.

"ಏನ್ ಭಾವ, ಬಿಸಿಲಲ್ಲಿ ಬಂದ್ಬಿಟ್ಟೆ?" ಎಂದ ನಲ್ಲಪ್ಪ.

"ಹುಳ ಸತ್ರೆ ಹೆಂಡ್ತಿ ಬೆರಳು ಮುರೀಬೇಕು ಅಂತ ಯಾವ ಶಾಸ್ತ್ರದಲ್ಲೈತೆ, ಕೇಳ್ಕೊಂಡು ಹೋಗಣ ಅಂತ ಬಂದೆ ಕಣಪ್ಪ."

"ನನ್ ಹುಳ, ನನ್ ಹೆಂಡ್ತಿ. ನಿಂದೇನು ನಡುವೆ?"

ಚೆನ್ನರಾಯಪ್ಪ ಬಗ್ಗಿ ಚಪ್ಪಲಿ ಬಿಚ್ಚಿದ. ಮುಖಕ್ಕೆ ಹೊಡೆದ. ನಲ್ಲಪ್ಪ ಕೈ ಎತ್ತುವ ಮೊದಲೇ ಅವನನ್ನು ಹುರುಳಿಯ ರಾಶಿಗೆ ಕೆಡವಿ, ಎದೆಯ ಮೇಲೆ ಮೊಣಕಾಲಿಟ್ಟು, ತುಟಿ ಒಡೆದು ಹಲ್ಲು ಕೆಂಪಾಗುವವರೆಗೆ ಹೊಡೆದ. ಕಣದವರು ಬಂದು ಬಿಡಿಸಿದರು. ಬಿಡಿಸಿದವರಲ್ಲಿ ಒಬ್ಬ ನಗು ತಡೆಯಲಾರದೆ ಅಂದ:

"ಹಿರಣ್ಯನೇ ನರಸಿಂಹನ್ನ ಬಡಿದ್ಬಿಟ್ಟ ಕಣ್ರೋ! ಕಥೆ ಉಲ್ಟಾ ಆಯ್ತು!"

ಎಲ್ಲರೂ ನಕ್ಕರು. ಆ ಮಾತು ಒಂದೇ ದಿನದಲ್ಲಿ ಊರೆಲ್ಲ ಸುತ್ತಿತು. ಬಾವಿಕಟ್ಟೆಯಲ್ಲಿ ಅದೇ, ಹೋಟೆಲಿನ ಬೆಂಚಿನ ಮೇಲೆ ಅದೇ. ಏಟಿಗಿಂತ ಆ ನಗು ದೊಡ್ಡದಾಯಿತು.

ನಲ್ಲಪ್ಪ ಮಾತ್ರ ಆವತ್ತು ಕೂಗಾಡಲಿಲ್ಲ. ಎದ್ದು, ಮೈಯ ಧೂಳು ಕೊಡವಿ, ಬಿದ್ದಿದ್ದ ಚಪ್ಪಲಿಯನ್ನು ತಾನೇ ಎತ್ತಿ ಚೆನ್ನರಾಯಪ್ಪನ ಕಾಲ ಬಳಿ ಇಟ್ಟ. "ಹಾಕ್ಕೋ ಭಾವ. ಮುಳ್ಳು ಚುಚ್ಚೀತು" ಎಂದ. ಆಮೇಲೆ ಮೂರು ತಿಂಗಳು ಅವನು ಹೆಂಡತಿಯ ಮೇಲೆ ಕೈ ಮಾಡಲಿಲ್ಲ. ಬೈಯಲೂ ಇಲ್ಲ. "ಆ ಮೂರು ತಿಂಗಳು ನನಗೆ ನಿದ್ದೆ ಬರ್ಲಿಲ್ಲ ಕಣಮ್ಮ. ಹೊಡೀತಿದ್ದಾಗ ಬರ್ತಿತ್ತು" ಎಂದಳು ಅಮ್ಮಾಜಮ್ಮ.

ವೈಶಾಖ ಬಂತು. ನಲ್ಲಪ್ಪ ವ್ರತಕ್ಕೆ ಕೋಣೆ ಸೇರಿದ. ಎರಡನೆಯ ದಿನದಿಂದ ಅವಳಿಗೆ ಒಳಗಿನಿಂದ ಒಂದು ಸದ್ದು ಕೇಳತೊಡಗಿತು. ಜಪದ ಸದ್ದಲ್ಲ. ಅರದಿಂದ ಏನನ್ನೋ ಉಜ್ಜುವ ಸದ್ದು. ನಿಲ್ಲುವುದು, ಮತ್ತೆ ಶುರುವಾಗುವುದು. ಐದನೆಯ ದಿನ ಉಂಡ ಎಲೆಯನ್ನು ಬಾಗಿಲ ಸಂದಿಯಿಂದ ಹೊರಗೆ ತಳ್ಳಿದಾಗ ಅದರ ಅಂಚಿನಲ್ಲಿ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಬೆರಳಲ್ಲಿ ಉಜ್ಜಿ ನೋಡಿದಳು. ಕಬ್ಬಿಣ.

ನರಸಿಂಹನ ಕೈಗೆ ಕಟ್ಟುವ ಉಗುರು ಎಮ್ಮೆಯ ಕೊಂಬಿನವು. ಸವೆದು ಸವೆದು ಮಗುವಿನ ಕೆನ್ನೆಗೆ ಒತ್ತಿದರೂ ಗೀರು ಬೀಳದಷ್ಟು ನುಣುಪಾಗಿದ್ದವು. ಅವಳು ನೀರಿಗೆ ಹೋಗುವ ನೆಪ ಮಾಡಿ ಕೊಡ ಹಿಡಿದು ಕುಲುಮೆಗೆ ಹೋದಳು. ಕಮ್ಮಾರ ಮುಚ್ಚಿಡಲಿಲ್ಲ.

"ಹೌದಮ್ಮ, ಮುರಿದ ಕುಡುಗೋಲು ತಂದು ಐದು ಉಗುರು ಬಡಿಸ್ಕೊಂಡು ಹೋದ್ರು. ಹಳೇವು ಸವೆದೋಗವೆ ಅಂದ್ರು. ಸ್ವಾಮಿ ಕೆಲಸ ಅಂತ ನಾನು ಸ್ನಾನ ಮಾಡ್ಕೊಂಡು ಬಡಿದೆ."

ಅಲ್ಲಿಂದ ನೇರ ಭಾಗವತ ವೆಂಕಟರವಣಪ್ಪನ ಮನೆಗೆ ಹೋದಳು. ಎಪ್ಪತ್ತು ದಾಟಿದ ಮುದುಕ. ಊರಿನ ಮೂರು ತಲೆಮಾರಿಗೆ ಹೆಜ್ಜೆ ಕಲಿಸಿದವನು. ಮದ್ದಳೆಯ ಚರ್ಮಕ್ಕೆ ಕಪ್ಪು ಕರಣೆ ಮೆತ್ತುತ್ತಿದ್ದವನು ತಲೆ ಎತ್ತದೆ ಕೇಳಿದ.

"ಏಮ್ಮಾ ತಲ್ಲೀ, ವ್ರತದಲ್ಲಿರೋ ಗಂಡನ ಮೇಲೆ ದೂರು ತಂದ್ಯಾ?"

"ಉಗುರು ಕಬ್ಬಿಣದ್ದು ತಾತ. ನಮ್ಮಣ್ಣನ ಹೊಟ್ಟೆ ಮಾಂಸದ್ದು."

ಮುದುಕ ಕೈ ನಿಲ್ಲಿಸಿದ. ಮದ್ದಳೆಯನ್ನು ಪಕ್ಕಕ್ಕಿಟ್ಟ.

"ಕೋಣೆಗೆ ಹೋಗಿ ತಡಕೋಕೆ ನನಗೆ ಅಧಿಕಾರ ಇಲ್ಲಮ್ಮ. ಮುಖ ಆ ಮನೇದು. ಆಟ ನಿಲ್ಸಿದ್ರೆ ಊರು ನನ್ನ ಸೀಳ್ತದೆ. ಹಗ್ಗಕ್ಕೆ ಇಬ್ಬರ ಬದಲು ನಾಲ್ಕು ಜನ ಹಾಕಿಸ್ತೀನಿ. ಅಷ್ಟೇ ನನ್ನ ಕೈಲಾಗೋದು."

ಅಣ್ಣನ ಬಳಿ ಹೋಗಿ ಕಾಲು ಹಿಡಿದಳು.

"ಈ ವರ್ಷ ಜ್ವರ ಅಂತ ಮಲಗ್ಬಿಡು ಅಣ್ಣಯ್ಯ."

"ಪ್ಲೇಗು ಬಂದ ವರ್ಷ ನಮ್ಮಪ್ಪ ಕಂಕುಳಲ್ಲಿ ಗಡ್ಡೆ ಕಟ್ಕೊಂಡು ಹೋಗಿ ಆ ತೊಡೆ ಮೇಲೆ ಮಲಗಿದ್ದ. ನಾನು ನಲ್ಲಪ್ಪನಿಗೆ ಹೆದರಿ ಕಂಬಳಿ ಹೊದ್ಕೊಳ್ಳಾ? ಈಗಾಗ್ಲೇ ಊರು ನಗ್ತಾ ಐತೆ. ಹಿರಣ್ಯ ಓಡೋದ ಅಂತ ಇನ್ನೊಂದು ಸೇರ್ಸ್ಲಾ?"

"ಅವರು ಕೊಲ್ತಾರೆ ಅಣ್ಣಯ್ಯ. ಸ್ವಾಮಿ ಹೆಸರಲ್ಲಿ ಕೊಲ್ತಾರೆ. ಯಾರೂ ಕೇಳಲ್ಲ."

"ಸ್ವಾಮಿ ಬಂದ್ರೆ ಅವನು ಕಾಯ್ತಾನೆ. ಬರೀ ನಲ್ಲಪ್ಪನೇ ಬಂದ್ರೆ ನಾನು ನೋಡ್ಕೋತೀನಿ. ಹೋಗಮ್ಮ, ಕರುಳು ನೆನೆಹಾಕು."

ಹಿರಣ್ಯನ ಕರುಳು ಮಾಡಿಕೊಡುವುದು ಆ ಮನೆಯ ಹೆಣ್ಣುಮಗಳ ಕೆಲಸ. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಒರಟು ರೇಷ್ಮೆಯನ್ನು ಹುರಿ ಮಾಡಿ, ಕುಂಕುಮ ಬೆಲ್ಲದ ನೀರಿನಲ್ಲಿ ನೆನೆಸಿ, ಸುರುಳಿ ಸುತ್ತಿ, ಬಟ್ಟೆಯ ಒಳಗೆ ಹೊಟ್ಟೆಗೆ ಕಟ್ಟುತ್ತಾರೆ. ನರಸಿಂಹ ಬಗೆದಾಗ ಅದು ಮೊಳಗಟ್ಟಲೆ ಹೊರಗೆ ಬರಬೇಕು. ಆ ವರ್ಷ ಅವಳು ಮುರಿದ ಬೆರಳುಗಳನ್ನಿಟ್ಟುಕೊಂಡೇ ಕರುಳು ಹೊಸೆದಳು. ಜೊತೆಗೆ ನೀರೆತ್ತುವ ಹಳೆಯ ಕಪಿಲೆಯ ದಪ್ಪ ಚರ್ಮವನ್ನು ಅಳತೆಗೆ ಕತ್ತರಿಸಿ, ಎರಡು ಪದರ ಮಾಡಿ ಹೊಲಿದಳು.

"ಇದನ್ನ ಒಳಗೆ ಕಟ್ಕೋ. ಇಲ್ಲಾಂದ್ರೆ ನಾನು ಬಾವಿಗೆ ಬೀಳ್ತೀನಿ."

ಚೆನ್ನರಾಯಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕ. "ಹಿರಣ್ಯಕಶಿಪು ಕಪಿಲೆ ಉಟ್ಕೊಂಡು ಯುದ್ಧಕ್ಕೆ ಬಂದ ಅಂತ ಭಾಗವತರಿಗೆ ಹೇಳಿ ಒಂದು ಪದ ಕಟ್ಟಿಸ್ಬೇಕು." ಆದರೂ ಕಟ್ಟಿಕೊಂಡ. ತಂಗಿಯ ಮುಖ ನೋಡಿ ಕಟ್ಟಿಕೊಂಡ.

ಆಟ ಶುರುವಾಯಿತು. ಗಣಪತಿ ಪೂಜೆ, ಗೆಜ್ಜೆ ಪೂಜೆ, ಆಮೇಲೆ ಮುಖಕ್ಕೆ ಬಣ್ಣ. ಚೆನ್ನರಾಯಪ್ಪ ಹಳದಿ ಅರದಾಳ ಬಳಿದು, ಕಾಡಿಗೆಯಲ್ಲಿ ಕಿವಿಯವರೆಗೆ ಮೀಸೆ ಬರೆದು ಹೊರಬಂದರೆ ಮುಂದಿನ ಸಾಲಿನ ಮಕ್ಕಳು ತಾಯಂದಿರ ಮಡಿಲಿಗೆ ಓಡುತ್ತಿದ್ದವು. ರಾತ್ರಿಯಿಡೀ ಅವನದೇ ಅಬ್ಬರ. ಆಟಕ್ಕೆ ಕಟ್ಟಿದ ಅಟ್ಟದ ಹಲಗೆ ಅವನ ಹೆಜ್ಜೆಗೆ ಎಗರುತ್ತಿತ್ತು. ಮಗನನ್ನು ಆನೆಯಿಂದ ತುಳಿಸಿದ, ಬೆಟ್ಟದಿಂದ ಉರುಳಿಸಿದ, ಬೆಂಕಿಗೆ ನೂಕಿದ. ಅಮ್ಮಾಜಮ್ಮ ಹೆಂಗಸರ ಸಾಲಿನಲ್ಲಿ ಅಟ್ಟಕ್ಕೆ ಹತ್ತಿರ ಕೂತಿದ್ದಳು. ಅವಳ ಕಣ್ಣು ಅಣ್ಣನ ಮೇಲಿರಲಿಲ್ಲ. ಅಟ್ಟದ ಮೂಲೆಯಲ್ಲಿ ಬಿದಿರಿಗೆ ಕಾಗದ ಅಂಟಿಸಿ ನಿಲ್ಲಿಸಿದ್ದ ಕಂಬದ ಮೇಲಿತ್ತು.

ವಧೆಗೆ ಹೊತ್ತು ಗೊತ್ತು. ಹಗಲೂ ಅಲ್ಲ ಇರುಳೂ ಅಲ್ಲ, ಮೂಡಲು ಬೆಳ್ಳಗಾಗುತ್ತಾ ಇರಬೇಕು, ಪಂಜು ಇನ್ನೂ ಆರಿರಬಾರದು. ಆ ಹೊತ್ತಿಗೆ ಸರಿಯಾಗಿ ಚೆನ್ನರಾಯಪ್ಪ ಕಂಬಕ್ಕೆ ಒದ್ದ. ಕಾಗದ ಹರಿದು ಕೆಂಪು ಮುಖ ಹೊರಬಂತು. ಜನ ಎದ್ದು ನಿಂತು "ಗೋವಿಂದಾ" ಎಂದರು. ಹಿಂದೆ ನಾಲ್ಕು ಜನ ಹಗ್ಗ ಹಿಡಿದಿದ್ದರು.

ಇಬ್ಬರೂ ಅಟ್ಟವನ್ನು ಏಳು ಸುತ್ತು ಸುತ್ತಿ ಹೋರಾಡಬೇಕು. ನಾಲ್ಕನೆಯ ಸುತ್ತಿನಲ್ಲಿ ನರಸಿಂಹ ಹಿಂದಕ್ಕೆ ಕೈ ಬೀಸಿದ. ಹಗ್ಗ ಹಿಡಿದವನೊಬ್ಬನ ಕೆನ್ನೆ ಕಿವಿಯಿಂದ ಗಲ್ಲದವರೆಗೆ ಬಿರಿದುಕೊಂಡಿತು. ಅವನು ಮುಖ ಹಿಡಿದು ಕೂತ. ಇನ್ನೊಬ್ಬನ ಮಣಿಕಟ್ಟು ಸೀಳಿತು. ಉಳಿದಿಬ್ಬರು ಹೆದರಿ ಹಗ್ಗ ಬಿಟ್ಟರು. ಜನಕ್ಕೆ ಇನ್ನೂ ಹುಚ್ಚೆದ್ದಿತು. ಇಷ್ಟು ಉಗ್ರವಾಗಿ ಸ್ವಾಮಿ ಯಾವ ವರ್ಷವೂ ಬಂದಿರಲಿಲ್ಲ. ಮುದುಕಿಯರು ಅಳುತ್ತಾ ಕೈಮುಗಿದರು.

ಹಲಗೆಯ ಹೊಸಿಲಿನ ಮೇಲೆ ನರಸಿಂಹ ಕೂತು, ಚೆನ್ನರಾಯಪ್ಪನ ಜುಟ್ಟು ಹಿಡಿದು ತೊಡೆಯ ಮೇಲೆ ಕೆಡವಿಕೊಂಡ. ಉಗುರು ಹೊಟ್ಟೆಗೆ ಇಳಿಸಿದ. ಬಟ್ಟೆ ಹರಿದು ಕೆಂಪು ಕರುಳು ಹೊರಬಂತು. "ಗೋವಿಂದಾ!" ಮತ್ತೆ ಇಳಿಸಿದ. ಕಪಿಲೆಯ ಚರ್ಮಕ್ಕೆ ಕಬ್ಬಿಣ ಗೀಚುವ ಸದ್ದು ಅಮ್ಮಾಜಮ್ಮನಿಗೆ ಕೇಳಿಸಿತು. ಮೂರನೆಯ ಸಲವೂ ಒಳಗೆ ಹೋಗಲಿಲ್ಲ.

ಆಗ ಆ ಕೈ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಯೋಚನೆ ಮಾಡಿತು. ಆಮೇಲೆ ಹೊಟ್ಟೆ ಬಿಟ್ಟು ಮೇಲೆ ಹೋಗಿ ಕುತ್ತಿಗೆಯ ಎಡಗಡೆಗೆ ಇಳಿಯಿತು.

"ಪುರಾಣದಲ್ಲಿ ಸ್ವಾಮಿ ಕೈ ಹೊಟ್ಟೆಗೇ ಹೋಗೋದು ಕಣಮ್ಮ. ಕುತ್ತಿಗೆಗೆ ಯಾವಾಗ ಹೋಯ್ತು? ಚರ್ಮ ಐತೆ ಅಂತ ತಿಳ್ಕೊಂಡು ಬೇರೆ ಜಾಗ ಹುಡುಕೋನು ದೇವರಲ್ಲ" ಎಂದು ಅವಳು ನನಗೆ ಹೇಳಿದಳು. ಆ ಹೊತ್ತಿನಲ್ಲಿ ಇಷ್ಟೆಲ್ಲ ಯೋಚಿಸಿದೆಯಾ ಎಂದು ಕೇಳಿದೆ. "ಕೈಗೆ ಗೊತ್ತಾಗೋ ಹಂಗೆ ಗೊತ್ತಾಯ್ತು" ಎಂದಳು.

ಚೆನ್ನರಾಯಪ್ಪನ ಕಾಲುಗಳು ಹಲಗೆಯನ್ನು ಬಡಿಯುತ್ತಿದ್ದವು. ಕುಂಕುಮದ ನೀರಿನ ಮೇಲೆ ಇನ್ನೊಂದು ಕೆಂಪು, ದಪ್ಪಗೆ, ಆ ಬೆಳಕಿನಲ್ಲಿ ಕಪ್ಪಗೆ ಹರಿಯಿತು. ಮದ್ದಳೆ ಇನ್ನೂ ಜೋರಾಯಿತು. ಜನ ಗೋವಿಂದ ಎನ್ನುತ್ತಲೇ ಇದ್ದರು. ಐನೂರು ಜನ ಕೈಮುಗಿದು ನೋಡುತ್ತಾ ಇರುವಾಗ ಒಬ್ಬ ಮನುಷ್ಯನ ಕೊಲೆ ನಡೆಯುತ್ತಿತ್ತು. ಅವಳು ಎದ್ದು ನಿಂತು ಕೂಗಿದಳು.

"ನಲ್ಲಪ್ಪಾ!"

ಮದ್ದಳೆ ನಿಂತಿತು. ಎಲ್ಲವೂ ನಿಂತಿತು. ಕೆಂಪು ಮುಖ ತಿರುಗಿತು. ಹೆಂಗಸರ ಸಾಲಿನಲ್ಲಿ ಹುಡುಕಿ, ಅವಳ ಮೇಲೆ ಬಂದು ನಿಂತಿತು. ಮರದ ಕಣ್ಣಿನ ತೂತಿನ ಹಿಂದೆ ಇದ್ದ ಕಣ್ಣು ಅವಳಿಗೆ ಹನ್ನೊಂದು ವರ್ಷದ ಸಂಸಾರದಲ್ಲಿ ಗೊತ್ತಾಗಿದ್ದ ಕಣ್ಣು.

ಅಷ್ಟರಲ್ಲಿ ಚೆನ್ನರಾಯಪ್ಪ ಮೊಣಕೈಯಿಂದ ಆ ಮರದ ದವಡೆಗೆ ಗುದ್ದಿ, ಹೊರಳಿ, ಅಟ್ಟದಿಂದ ಕೆಳಗೆ ಬಿದ್ದ. ಅವನ ಹಿಂದೆಯೇ ಹಾರಲು ಹೋದ ನಲ್ಲಪ್ಪನ ಮೇಲೆ ಹಗ್ಗದವರು ಬಿದ್ದು ಅದುಮಿ ಹಿಡಿದರು.

ಚೆನ್ನರಾಯಪ್ಪನನ್ನು ಗಾಡಿಯಲ್ಲಿ ಶಿಡ್ಲಘಟ್ಟಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅಮ್ಮಾಜಮ್ಮ ಸೆರಗನ್ನು ಗಾಯದೊಳಕ್ಕೆ ತುರುಕಿ ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು. ಇನ್ನು ಒಂದು ಬೆರಳು ಆಚೆ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

"ಯಾವ ಪ್ರಾಣಿ ಕಣಯ್ಯ? ಚಿರತೆಯಾ?"

"ಸಿಂಹ ಸಾರ್" ಎಂದ ಚೆನ್ನರಾಯಪ್ಪ.

ಪ್ರಾಣ ಉಳಿಯಿತು. ಭುಜದ ಸ್ನಾಯು ಕತ್ತರಿಸಿಹೋಗಿ ಎಡಗೈ ಹೆಗಲಿಗಿಂತ ಮೇಲೆ ಏಳದಾಯಿತು. ಪೊಲೀಸಿಗೆ ಯಾರೂ ಹೇಳಲಿಲ್ಲ. ಆಟದಲ್ಲಿ ಆದದ್ದು, ಸ್ವಾಮಿ ಮಾಡಿದ್ದು ಎಂದು ಊರು ಬಾಯಿ ಮುಚ್ಚಿಕೊಂಡಿತು. ಚೆನ್ನರಾಯಪ್ಪನೂ ಹಾಗೇ ಅಂದ. ನಲ್ಲಪ್ಪನ ಕೈಯಲ್ಲಿ ಏಟು ತಿಂದೆ ಎನ್ನುವುದಕ್ಕಿಂತ ಸ್ವಾಮಿಯ ಕೈಯಲ್ಲಿ ತಿಂದೆ ಎನ್ನುವುದು ಅವನಿಗೂ ಬೇಕಾಗಿತ್ತು.

ಆದರೆ ಊರು ಇನ್ನೊಂದು ಲೆಕ್ಕ ಹಾಕಿತ್ತು. ಅವನು ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ನಿಲ್ಲಿಸಿದ್ದು ನಲ್ಲಪ್ಪನನ್ನಲ್ಲ, ಅಮ್ಮಾಜಮ್ಮನನ್ನು. ಮುಖ ಕಟ್ಟಿದವನ ಹೆಸರು ಕರೆದಳು. ಅದೂ ಹೆಂಗಸು. ಅದೂ ಕಟ್ಟಿಕೊಂಡ ಹೆಂಡತಿ. ಸ್ವಾಮಿ ಅರ್ಧಕ್ಕೇ ಇಳಿದುಹೋದ, ಅವನೇ ಮಾಯಿಸಬೇಕಾಗಿದ್ದ ಗಾಯ ಅದಕ್ಕೇ ಅವಳ ಅಣ್ಣನಿಗೆ ಉಳಿಯಿತು. ಪಟೇಲರು ತೀರ್ಪು ಹೇಳಿದರು. ಅವಳು ಒದ್ದೆ ಬಟ್ಟೆಯಲ್ಲಿ ಊರಬಾಗಿಲಿಂದ ಗುಡಿಯವರೆಗೆ ಉರುಳಬೇಕು. ಅರ್ಧಕ್ಕೆ ನಿಂತ ವಧೆಯನ್ನು ಮುಂದಿನ ವರ್ಷ ಅದೇ ಇಬ್ಬರು, ಅದೇ ಮುಖ, ಅದೇ ಕಿರೀಟ ಇಟ್ಟುಕೊಂಡು ಪೂರ್ತಿ ಮಾಡಬೇಕು.

ಅಮ್ಮಾಜಮ್ಮ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು.

"ಉರುಳ್ತೀನಿ. ಬೇಕಂದ್ರೆ ಕೆಂಡದ ಮೇಲೆ ಉರುಳ್ತೀನಿ. ನಮ್ಮಣ್ಣನ್ನ ಆ ತೊಡೆ ಮೇಲೆ ಇನ್ನೊಂದ್ಸಲ ಮಲಗ್ಸಲ್ಲ."

"ಅದನ್ನ ಹೇಳೋಕೆ ನೀನ್ಯಾರಮ್ಮ?" ಎಂದರು ಪಟೇಲರು.

ಅವಳು ಭಾಗವತರ ಕಡೆ ತಿರುಗಿದಳು. "ತಾತ, ನೀವು ಇವರಪ್ಪನ್ನೂ ಕುಣಿಸಿದೋರು. ಮೈಮೇಲೆ ಸ್ವಾಮಿ ಇದ್ದಾಗ ಹೆಸರು ಕರೆದ್ರೆ ಕೇಳ್ಸುತ್ತಾ?"

ಪಟೇಲರು ಎರಡು ಸಲ ಕೇಳಿದ ಮೇಲೆ ವೆಂಕಟರವಣಪ್ಪ ಕೋಲೂರಿ ಎದ್ದ.

"ಇವರಪ್ಪನ ಮೇಲೆ ಸ್ವಾಮಿ ಬಂದಾಗ ಮುಖ ಬಿಚ್ಚಿ, ಮಂಗಳಾರತಿ ಆಗಿ, ಹೊತ್ತು ಮಾರುದ್ದ ಏರಿದ್ರೂ ಹೆಸರಿಗೆ ತಿರುಗ್ತಿರಲಿಲ್ಲ. ಕಿವಿ ಹತ್ರ ಕೂಗಿ ಕೂಗಿ ನನ್ನ ಗಂಟ್ಲು ಕಟ್ತಿತ್ತು."

"ಈ ಸಲ?" ಎಂದರು ಪಟೇಲರು.

"ನಾಲ್ಕು ಮಾರು ದೂರದಿಂದ, ಮದ್ದಳೆ ಗದ್ದಲದಲ್ಲೂ, ಒಂದೇ ಕೂಗಿಗೆ ತಿರುಗಿದ. ನೀವೆಲ್ಲ ನೋಡಿದ್ರಲ್ಲ." ಮುದುಕ ಜನರ ಕಡೆ ತಿರುಗಿ ಹೇಳಿದ: "ಹೆಸರು ಕರೀಬಾರ್ದು ಅಂತ ಹಿರೀಕ್ರು ಯಾಕಿಟ್ರು ಗೊತ್ತೇನ್ರಪ್ಪ? ಸ್ವಾಮಿಗೆ ಕೋಪ ಬರ್ತದೆ ಅಂತಲ್ಲ. ಕರೆದಾಗ ಮನುಷ್ಯ ತಿರುಗಿಬಿಟ್ರೆ ಊರಿನ ಮಾನ ಹೋಗ್ತದೆ ಅಂತ. ನಮ್ಮಪ್ಪ ನನಗೆ ಹೇಳ್ಕೊಟ್ಟಿದ್ದ. ನಾನು ಯಾರಿಗೂ ಹೇಳಿರ್ಲಿಲ್ಲ."

"ಮುದಿಯಾ! ಬಾಯಿ ಮುಚ್ಚು!" ಎಂದು ನಲ್ಲಪ್ಪ ಎದ್ದ. "ಬಂದಿದ್ದು ಸ್ವಾಮಿನೇ!"

"ಹಂಗಾದ್ರೆ ಪೆಟ್ಟಿಗೆ ತರ್ಸಿ" ಎಂದಳು ಅಮ್ಮಾಜಮ್ಮ. ಅವನ ಕಡೆ ನೋಡದೆ ಪಟೇಲರಿಗೇ ಹೇಳಿದಳು. "ಮುಖದ ಮೇಲೆ ಬರಿಗೈ ಇಟ್ಟು ಆ ಮಾತು ಹೇಳ್ಲಿ. ಹೇಳಿದ್ರೆ ನಾನು ಉರುಳ್ತೀನಿ, ಅಣ್ಣನ್ನೂ ಕರ್ಕೊಂಡು ಬಂದು ಮಲಗಿಸ್ತೀನಿ."

ಪಟೇಲರು ತಲೆಯಾಡಿಸಿದರು. ಇಬ್ಬರು ಹೋಗಿ ಪೆಟ್ಟಿಗೆ ಹೊತ್ತು ತಂದು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು. ನಲ್ಲಪ್ಪ ಹತ್ತಿರ ಬಂದ. ಕೈ ಮುಂದೆ ಚಾಚಿದ. ಆ ಕೈ ಕತ್ತಾಳೆಯ ಕೇಸರದವರೆಗೆ ಹೋಗಿ ಗಾಳಿಯಲ್ಲೇ ನಿಂತಿತು. ಹೆಂಡತಿಯ ಬೆರಳು ಮುರಿದವನು, ಭಾವನ ಕುತ್ತಿಗೆ ಬಗೆದವನು, ಆದರೂ ಅವನು ಆ ಮನೆಯ ಮಗ. ಚಿಕ್ಕಂದಿನಿಂದ ಆ ಪೆಟ್ಟಿಗೆಗೆ ಅಡ್ಡಬಿದ್ದು ಬೆಳೆದವನು. ಮುಟ್ಟಿ ಸುಳ್ಳು ಹೇಳಲು ಅವನ ಕೈಲಾಗಲಿಲ್ಲ. ಬೆವರು ಗಲ್ಲದಿಂದ ತೊಟ್ಟಿಕ್ಕಿತು.

ಹಿಂದಿನಿಂದ ಯಾರೋ ಅಂದರು: "ಆವತ್ತು ಭಾವ ಬಡಿದ, ಇವತ್ತು ಹೆಂಡ್ತಿ ಬಡೀತಾವ್ಳೆ. ಪಾಪ ನರಸಿಂಹ!"

ಜನ ನಕ್ಕರು.

ಅವನು ತಿರುಗಿ ಒಂದೇ ನೆಗೆತಕ್ಕೆ ಅವಳ ಮೇಲೆ ಬಿದ್ದ. ಐದು ಬೆರಳು ಬಿಚ್ಚಿ ಕುತ್ತಿಗೆಯ ಎಡಗಡೆಗೆ ಹಾಕಿದ. ಅವಳನ್ನು ನೆಲಕ್ಕೆ ಕೆಡವಿ, ಮೊಣಕಾಲಿನ ಮೇಲೆ ತಲೆಯೊತ್ತಿ, ಉಗುರು ಇಳಿಸುತ್ತಾ ಹೋದ. ಮುಖ ಪೆಟ್ಟಿಗೆಯಲ್ಲೇ ಇತ್ತು. ವ್ರತವಿರಲಿಲ್ಲ, ಮದ್ದಳೆಯಿರಲಿಲ್ಲ. ನಡುಹಗಲಿನ ಬಿಸಿಲಿತ್ತು. ಅವಳ ನಾಲಿಗೆ ಹೊರಬಂತು, ಕಣ್ಣು ಮೇಲೆ ಹೋಯಿತು. ಆರು ಜನ ಸೇರಿ ಅವನನ್ನು ಬಿಡಿಸಬೇಕಾಯಿತು. ಒಂದೊಂದೇ ಬೆರಳನ್ನು ಹಿಡಿದು ಎತ್ತಿದರು. ಕುತ್ತಿಗೆಯಲ್ಲಿ ಐದು ಕಡೆ ರಕ್ತ ಬಂದಿತ್ತು.

ಹಗ್ಗ ಹಿಡಿದು ಕೆನ್ನೆ ಸೀಳಿಸಿಕೊಂಡವನು ಗಾಯದ ಬಟ್ಟೆ ಮುಟ್ಟಿಕೊಂಡು, "ಅದೇ ಕೈ ಕಣ್ರಪ್ಪ" ಎಂದ.

ಪಟೇಲರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಪೆಟ್ಟಿಗೆ ಗುಡಿಗೆ ಹೋಗ್ಲಿ. ಆ ಮನೇಗೆ ಬೇಡ."

ಅಮ್ಮಾಜಮ್ಮ ಆ ದಿನವೇ ಅಣ್ಣನ ಮನೆ ಸೇರಿದಳು. ಒಂದು ವಾರ ಗಂಜಿ ನುಂಗಲೂ ಆಗುತ್ತಿರಲಿಲ್ಲ. ನಲ್ಲಪ್ಪ ತೊಂಡೇಬಾವಿಯ ಕಡೆ ಹೋಗಿ ರೈಲಿನ ವ್ಯಾಗನ್ನಿಗೆ ಮೂಟೆ ಹೊರುತ್ತಿದ್ದಾನೆಂದು ಸುದ್ದಿ ಬಂತು. ಊರಿಗೆ ಮರಳಲಿಲ್ಲ. ಅರವತ್ತನಾಲ್ಕರಲ್ಲಿ ಅಲ್ಲೇ ಯಾವುದೋ ಹೊಡೆದಾಟದಲ್ಲಿ ತಲೆಗೆ ಏಟು ಬಿದ್ದು ಸತ್ತ. ಆಗ ಅಳು ಬಂತಾ ಎಂದು ನಾನು ಕೇಳಿದ್ದಕ್ಕೆ ಅಮ್ಮಾಜಮ್ಮ, "ಸ್ನಾನ ಮಾಡ್ದೆ. ಬಳೆ ತೆಗೆದಿಟ್ಟೆ. ಹುಳುವಿಗೆ ಸೊಪ್ಪು ಹಾಕೋ ಹೊತ್ತಾಗಿತ್ತು, ಹಾಕ್ದೆ" ಎಂದಳು.

ಆಟ ಎರಡು ವರ್ಷ ನಡೆಯಲಿಲ್ಲ. ಅರವತ್ತೊಂದರಲ್ಲಿ ಮತ್ತೆ ಆಡೋಣ ಎಂದರು. ಮುಖ ನಲ್ಲಪ್ಪನ ದಾಯಾದಿ ಬಯ್ಯಪ್ಪನಿಗೆ ಹೋಯಿತು. ನಲವತ್ತು ದಾಟಿದ, ಕೋಳಿ ಕುಯ್ಯುವುದನ್ನು ಕಂಡರೆ ಮನೆಯೊಳಗೆ ಹೋಗುವಂಥ ಮನುಷ್ಯ. ಹಿರಣ್ಯನಾಗಲು ಬೇರೆ ಯಾರೂ ಮುಂದೆ ಬರಲಿಲ್ಲ. ಎಡಗೈ ಏಳದ ಚೆನ್ನರಾಯಪ್ಪನೇ ಕಿರೀಟ ಕಟ್ಟಿದ. ಅಮ್ಮಾಜಮ್ಮ ಬೇಡವೆನ್ನಲಿಲ್ಲ. ಆಟಕ್ಕೆ ಮೊದಲು ಭಾಗವತರು ಅವಳನ್ನು ಕರೆಸಿ ಉಗುರುಗಳನ್ನು ಅವಳ ಅಂಗೈಯಲ್ಲಿ ಸುರಿದರು. ಒಂದೊಂದನ್ನೂ ತನ್ನ ತೋಳಿನ ಮೇಲೆ ಗೀಚಿ ನೋಡಿ ವಾಪಸು ಕೊಟ್ಟಳು.

ಬೆಳಗಿನ ಹೊತ್ತಿಗೆ ಬಯ್ಯಪ್ಪ ಕಂಬದಿಂದ ಬಂದ. ಏಳು ಸುತ್ತು ಹೇಗೋ ಮುಗಿಸಿದ. ಚೆನ್ನರಾಯಪ್ಪ ತಾನೇ ಹೋಗಿ ತೊಡೆಯ ಮೇಲೆ ಒರಗಿದ. ಬಯ್ಯಪ್ಪ ಕೈ ಎತ್ತಿದವನು ಎತ್ತಿದ ಹಾಗೇ ನಿಂತುಬಿಟ್ಟ. ಕುತ್ತಿಗೆಯ ಗಾಯದ ಗುರುತು ಅವನ ಕಣ್ಣೆದುರೇ ಇತ್ತು. ಭಾಗವತರು ಪದದ ಕೊನೆಯ ಸಾಲನ್ನು ಮೂರನೆಯ ಸಲ ಎತ್ತಿದರು. ಜನ ಕಾಯುತ್ತಿದ್ದರು.

ಕೆಳಗಿನಿಂದ ಚೆನ್ನರಾಯಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ್ದು ಹೆಂಗಸರ ಮೊದಲ ಸಾಲಿಗೂ ಕೇಳಿಸಿತು.

"ಸ್ವಾಮೀ, ಬೇಗ ಕೊಲ್ಲಪ್ಪ. ಬೆನ್ನು ನೋಯ್ತೈತೆ."

ಬಯ್ಯಪ್ಪನ ಕೈ ಇಳಿಯಿತು, ಹೊಟ್ಟೆಗೆ. ಕೆಂಪು ರೇಷ್ಮೆ ಸುರುಳಿ ಸುರುಳಿಯಾಗಿ ಹೊರಬಂತು. ಊರು ಗೋವಿಂದ ಎಂದಿತು. ಅಮ್ಮಾಜಮ್ಮನ ಕೈಯೂ ಮುಗಿದಿತ್ತು. ಆದರೆ ಅವಳು ಗೋವಿಂದ ಎಂದು ಬಾಯಿ ತೆರೆದದ್ದು ಸತ್ತ ಹಿರಣ್ಯ ಪರದೆಯ ಹಿಂದೆ ಎದ್ದು, ಕಿರೀಟ ತೆಗೆದು, ಯಾರದೋ ಬೀಡಿಗೆ ಕೈ ಚಾಚಿದ ಮೇಲೆ.